ಅಂಗಡಿಯಮ್ಮನ ಕೊಸರು

ಅಳತೆ ಮುಗಿದ ಮೇಲೆ ಒಂದಿಷ್ಟು ಹೆಚ್ಚಿಗೆ ಹಾಕದೆ ಗಿರಾಕಿಯನ್ನು ಕಳಿಸಿದ ನೆನಪು ಅಂಗಡಿಯಮ್ಮನಿಗೆ ಇರಲಿಲ್ಲ. ಬೀದಿಯ ತುದಿಯ ದವಸದ ಅಂಗಡಿಯಲ್ಲಿ ಗಂಡನಿದ್ದ ಕಾಲದಿಂದಲೂ ಕೂತವಳು ಆಕೆ. ಅಕ್ಕಿಯಾಗಲಿ ಬೇಳೆಯಾಗಲಿ, ತಕ್ಕಡಿಯ ಮುಳ್ಳು ನಡುವಿಗೆ ಬಂದು ನಿಂತ ಮೇಲೆ ಬಲಗೈ ತಾನಾಗಿಯೇ ಚೀಲದ ಕಡೆ ಹೋಗಿ, ಮೂರು ಬೆರಳಿಗೆ ಸಿಕ್ಕಷ್ಟನ್ನು ಎತ್ತಿ ಪೊಟ್ಟಣದ ಬಾಯಿಗೆ ಉದುರಿಸಿ ಬರುತ್ತಿತ್ತು. ಅದು ಕೊಸರು. ಕೇಳಿದವರಿಗೂ ಸಿಗುತ್ತಿತ್ತು, ಕೇಳಲು ನಾಚುವವರಿಗೆ ತುಸು ಜಾಸ್ತಿಯೇ ಸಿಗುತ್ತಿತ್ತು.

ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಸಂಜೆ ಅತ್ತೆಯ ಪಕ್ಕ ಕೂತು ಇದನ್ನು ನೋಡಿ ಅವಳು ಬೆಚ್ಚಿಬಿದ್ದಿದ್ದಳು.

"ಅತ್ತೆ, ನಮ್ಮಲ್ಲಿ ಹೀಗೆ ಒಂದು ಚಿಟಿಕೆ ಜಾಸ್ತಿ ಕೊಟ್ರೆ ಮನುಷ್ಯ ಹೋಗೇ ಬಿಡ್ತಾನೆ."

"ನಮ್ಮಲ್ಲಿ ಕೊಡದಿದ್ರೆ ಹೋಗೇ ಬಿಡ್ತಾನೆ, ಎದುರು ಅಂಗಡಿಗೆ," ಎಂದಿದ್ದಳು ಅಂಗಡಿಯಮ್ಮ. "ಅಳತೆಗೆ ಬಂದೋನು ಒಂದ್ಸಲ ಬರ್ತಾನೆ ಕಣೇ. ಕೊಸರು ಕಂಡೋನು ಹುಡುಕ್ಕೊಂಡು ಬರ್ತಾನೆ."

ಸೊಸೆ ನಕ್ಕಿದ್ದಳು. ಅವಳು ನಕ್ಕರೆ ಸದ್ದಾಗುತ್ತಿರಲಿಲ್ಲ, ಭುಜ ಮಾತ್ರ ಅಲ್ಲಾಡುತ್ತಿತ್ತು. ಅತ್ತೆ ಸೊಸೆ ಎಂದರೆ ಹಾವು ಮುಂಗುಸಿ ಎಂದು ಕಾದು ಕೂತಿದ್ದ ಬೀದಿಯ ಹೆಂಗಸರಿಗೆ ಆ ಮನೆಯಿಂದ ಒಂದು ಜಗಳವೂ ಸಿಗದೆ ನಿರಾಸೆಯಾಗಿತ್ತು.

ಈಗ ಅದೇ ಬಲಗೈ ಆಸ್ಪತ್ರೆಯ ಬಾಣಂತಿ ಕೋಣೆಯಲ್ಲಿ ಪುಡಿಹಾಲಿನ ಡಬ್ಬಿಯ ಮುಂದೆ ಬಂದು ನಿಂತಿತ್ತು.

ಬಸುರು ತುಂಬುತ್ತ ಬಂದಾಗ ಸೊಸೆಯ ಎಡ ಎದೆಯಲ್ಲೊಂದು ಗಂಟು ಕಾಣಿಸಿಕೊಂಡಿತ್ತು. ಹಾಲು ಕಟ್ಟುವ ಹೊತ್ತಿಗೆ ಹೀಗಾಗುವುದುಂಟು ಎಂದು ಅಂಗಡಿಯಮ್ಮನೇ ಧೈರ್ಯ ಹೇಳಿದ್ದಳು. ಪರೀಕ್ಷೆ ಬೇರೆಯದನ್ನೇ ಹೇಳಿತು. ಕೂಸು ಹೊಟ್ಟೆಯಲ್ಲಿರುವಾಗಲೇ ಮದ್ದು ಏರಿಸಲು ಶುರುಮಾಡಿದರು. ದಿನ ತುಂಬುವುದಕ್ಕೆ ಸ್ವಲ್ಪ ಮೊದಲೇ ಆಪರೇಷನ್ ಮಾಡಿ ಕೂಸನ್ನು ಹೊರಗೆ ತೆಗೆಯುವುದು, ಹೊಲಿಗೆ ಒಣಗುತ್ತಲೇ ತಾಯಿಯನ್ನು ಆಸ್ಪತ್ರೆಯ ಹಿಂದಿನ ಕಟ್ಟಡಕ್ಕೆ ಸಾಗಿಸಿ ಉಳಿದ ಮದ್ದು ಮುಂದುವರಿಸುವುದು ಎಂದು ಡಾಕ್ಟರು ತೀರ್ಮಾನಿಸಿದರು. ಮದ್ದು ಹಾಲಿಗೂ ಇಳಿಯುತ್ತದೆ, ಆದ್ದರಿಂದ ಎದೆಹಾಲು ಒಂದು ಹನಿಯೂ ಬೇಡ ಎಂದರು. ಹಿಂದಿನ ಕಟ್ಟಡಕ್ಕೆ ಎಳೆಮಕ್ಕಳನ್ನು ಬಿಡುವುದಿಲ್ಲ. ಅಲ್ಲಿಂದ ಮನೆಗೆ ಯಾವಾಗ ಎಂದು ಅಂಗಡಿಯಮ್ಮನ ಮಗ ಕೇಳಿದಾಗ ಡಾಕ್ಟರು ಕಿಟಕಿಯ ಕಡೆ ನೋಡಿ, "ಮೊದಲು ಶುರುಮಾಡೋಣ," ಎಂದಿದ್ದರು.

ಆ ಮಾತು ಕೇಳಿ ಬಂದ ಮೇಲೆ ಸೊಸೆ ಅಳಲಿಲ್ಲ. ಬಾಟಲಿಗಳನ್ನು ತಂದಳು, ತೊಳೆಯುವ ಬ್ರಷ್ ತಂದಳು, ಬೇರೆ ಯಾವುದಕ್ಕೂ ಬಳಸಬಾರದೆಂದು ಒಂದು ಹೊಸ ಪಾತ್ರೆಯನ್ನು ಬಟ್ಟೆಯಲ್ಲಿ ಸುತ್ತಿಟ್ಟಳು. ಆಮೇಲೆ ಅತ್ತೆಯನ್ನು ಕೂರಿಸಿಕೊಂಡು ಒಂದು ಮಾತು ಹೇಳಿದಳು.

"ಬಾಟ್ಲಿಯನ್ನೂ ನಾನು ಕೊಡಲ್ಲ ಅತ್ತೆ. ಮೊದಲನೇದ್ರಿಂದಲೇ ನೀವು ಕೊಡಿ. ಕೂಸಿಗೆ ನನ್ನ ಕೈ ರೂಢಿ ಆದ್ರೆ ಅದು ಹುಡುಕುತ್ತೆ. ಹುಡುಕೋವಾಗ ನಾನು ಸಿಗಲ್ಲ."

"ಸಿಗದೆ ಎಲ್ಲಿ ಹೋಗ್ತೀಯ?"

"ಹಿಂದಿನ ಕಟ್ಟಡಕ್ಕೆ," ಎಂದಳು ಸೊಸೆ.

ಬೀದಿಯ ಬಾಯನ್ನೆಲ್ಲ ಮುಚ್ಚಿಸುವ ಅಂಗಡಿಯಮ್ಮ ಎದ್ದು ಅಡುಗೆಮನೆಗೆ ಹೋಗಿ, ಇಲ್ಲದ ಕೆಲಸ ಹುಡುಕಿಕೊಂಡು ನಿಂತಳು.

ಹೆಣ್ಣುಕೂಸು ಹುಟ್ಟಿತು. ಅಳು ಜೋರಾಗಿತ್ತು, ಮೈ ಸಣ್ಣದಾಗಿತ್ತು. ದೊಡ್ಡ ಸಿಸ್ಟರ್ ಎಂದು ಎಲ್ಲರೂ ಕರೆಯುವ ದಪ್ಪ ಕನ್ನಡಕದ ನರ್ಸಮ್ಮ ಅಂಗಡಿಯಮ್ಮನನ್ನು ಕೈತೊಳೆಯುವ ತೊಟ್ಟಿಯ ಹತ್ತಿರ ನಿಲ್ಲಿಸಿಕೊಂಡರು.

"ಸೋಪು ಹಾಕಿ ಅಜ್ಜಿ. ಇನ್ನೊಂದ್ಸಲ. ಉಗುರು ತೋರ್ಸಿ."

"ನಮ್ಮತ್ತೆ ಕೂಡ ನನ್ನ ಇಷ್ಟು ಪರೀಕ್ಷೆ ಮಾಡಿರ್ಲಿಲ್ಲ ತಾಯಿ."

"ನಿಮ್ಮತ್ತೆಗೆ ಬಾಟ್ಲಿ ತೊಳೆಯೋ ಸೊಸೆ ಬೇಕಾಗಿರ್ಲಿಲ್ಲ. ನೋಡಿ ಇಲ್ಲಿ. ಬಾಟ್ಲಿ, ನಿಪ್ಪಲ್, ಮುಚ್ಚಳ ಎಲ್ಲ ನೀರಲ್ಲಿ ಮುಳುಗಿ ಕುದೀಬೇಕು. ಮೊದಲು ಬಾಟ್ಲಿಗೆ ನೀರು, ಆಮೇಲೆ ಪುಡಿ. ನೀರು ಕುದಿಸಿ ಇಳಿಸಿದ್ದು, ಬಿಸಿ ಇರುವಾಗಲೇ. ಬೆರೆತ ಮೇಲೆ ಬಾಟ್ಲಿನ ತಣ್ಣೀರಿಗೆ ಹಿಡಿದು ಆರಿಸಿ. ಮಣಿಕಟ್ಟಿನ ಒಳಗಡೆ ಒಂದು ಹನಿ ಬಿಟ್ಕೊಂಡು ನೋಡಿ, ಬಿಸಿ ಅನ್ನಿಸಬಾರ್ದು. ಕುಡಿದು ಬಿಟ್ಟಿದ್ದನ್ನ ಇಟ್ಟುಕೊಳ್ಳೋ ಹಾಗಿಲ್ಲ, ಚೆಲ್ಲಿಬಿಡಬೇಕು."

"ಚೆಲ್ಲೋದಾ?"

"ಚೆಲ್ಲೋದೇ."

ಕಾಳು ಕೆಳಗೆ ಬಿದ್ದರೆ ಬಗ್ಗಿ ಆರಿಸುವವಳಿಗೆ ಇದು ಗಂಟಲಲ್ಲಿ ಇಳಿಯದ ಮಾತಾಗಿತ್ತು. ಆದರೂ ತಲೆಯಾಡಿಸಿದಳು. ನೀರು ಅಳೆದಳು. ಡಬ್ಬಿಯೊಳಗಿನ ಪುಟ್ಟ ಚಮಚದಲ್ಲಿ ಪುಡಿ ಎತ್ತಿ, ಡಬ್ಬಿಯ ಅಂಚಿಗೆ ಅದರ ತಲೆ ಸವರಿ, ಮಟ್ಟ ಮಾಡಿ ಬಾಟಲಿಗೆ ಸುರಿದಳು. ಹೇಳಿದಷ್ಟು ಚಮಚವಾದ ಮೇಲೆ ಮುಚ್ಚಳಕ್ಕೆ ಕೈ ಹಾಕಿದಳು.

"ಚೆಲ್ಲಿ ಅತ್ತೆ," ಎಂದಿತು ಮಂಚದಿಂದ ಸೊಸೆಯ ದನಿ.

"ಕೂಸು ಇನ್ನೂ ಕುಡಿದೇ ಇಲ್ವಲ್ಲೇ."

"ಈಗ ಮೇಲೆ ಉದುರಿಸಿದ್ರಲ್ಲ. ಮೂರು ಬೆರಳಲ್ಲಿ."

"ಉದುರಿಸಿದ್ನಾ?"

ಆಕೆಗೆ ನಿಜಕ್ಕೂ ಗೊತ್ತಿರಲಿಲ್ಲ. ಬೆರಳು ನೋಡಿಕೊಂಡಳು. ತುದಿಯಲ್ಲಿ ಬೆಳ್ಳಗೆ ಪುಡಿ ಅಂಟಿತ್ತು. ಕೈಯೊಂದು ಕಳ್ಳನಂತೆ ಹೋಗಿ ಬಂದಿತ್ತು, ಯಜಮಾನಿಗೆ ಸುಳಿವೇ ಇಲ್ಲ.

"ಒಂದು ಚಿಟಿಕೆ ತಾನೇ ಅನ್ಕೋಬೇಡಿ," ಎಂದರು ದೊಡ್ಡ ಸಿಸ್ಟರ್. "ದಿನಾ ಪ್ರತಿ ಬಾಟ್ಲಿಗೂ ಬಿದ್ರೆ ಎಳೇ ಹೊಟ್ಟೆ ತಡ್ಕೊಳಲ್ಲ. ಮಂದ ಆದ್ರೆ ಪುಷ್ಟಿ ಅಂತಲ್ಲ ಅಜ್ಜಿ. ಬೆರಳು ಡಬ್ಬಿ ಒಳಗೆ ಹೋಗೋದಂತೂ ಬೇಡವೇ ಬೇಡ."

ಆ ಡಬ್ಬಿಯನ್ನು ಪಕ್ಕಕ್ಕಿಟ್ಟು ಹೊಸ ಡಬ್ಬಿ ಒಡೆದರು. ಬಾಟಲಿಯ ಹಾಲು ತೊಟ್ಟಿಗೆ ಹೋಯಿತು. ಅಂಗಡಿಯಮ್ಮ ಮತ್ತೆ ನೀರು ಅಳೆದಳು, ಮತ್ತೆ ಮಟ್ಟ ಮಾಡಿದಳು, ಕೊನೆಯ ಚಮಚವಾದ ಮೇಲೆ ಮತ್ತೆ ಮೂರು ಬೆರಳು ಮುಂದೆ ಹೋದವು. ಈ ಸಲ ಸಿಸ್ಟರ್ ಮಣಿಕಟ್ಟು ಹಿಡಿದರು. ಕೂಸು ಹಸಿವಿಗೆ ಕೂಗುತ್ತಿತ್ತು. ಮಂಚದ ಮೇಲೆ ಸೊಸೆ ಹೊದಿಕೆಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು. ಆದರೆ ದನಿ ಮಾತ್ರ ಔಷಧಿ ಅಂಗಡಿಯ ದನಿಯೇ.

"ಅತ್ತೆ, ಕೊನೆ ಚಮಚ ಸುರಿದ ಕೂಡ್ಲೇ ಎಡಗೈಲಿ ಡಬ್ಬಿ ಮುಚ್ಚಿಬಿಡಿ. ಬಾಗಿಲು ಹಾಕಿದ ಹಾಗೆ. ಬಲಗೈ ಹೋದ್ರೂ ಏನೂ ಸಿಗಬಾರ್ದು."

ಹಾಗೇ ಮಾಡಿದಳು. ಬಲಗೈ ಹೋಗಿ, ಮುಚ್ಚಳಕ್ಕೆ ತಾಗಿ, ಪೆಚ್ಚಾಗಿ ವಾಪಸು ಬಂತು. ಸೊಸೆಯ ಭುಜ ಅಲ್ಲಾಡಿದವು. ಹೊಲಿಗೆ ನೋವಿಗೆ ಹೊಟ್ಟೆ ಹಿಡಿದುಕೊಂಡು, "ನಗಿಸ್ಬೇಡಿ ಅತ್ತೆ," ಎಂದಳು.

ಕೂಸು ಅಂಗಡಿಯಮ್ಮನ ತೋಳಿನಲ್ಲಿ ಮೊದಲ ಹಾಲು ಕುಡಿಯಿತು. ಅಷ್ಟು ಹೊತ್ತೂ ಸೊಸೆ ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಪಕ್ಕದ ಮಂಚದಲ್ಲೊಬ್ಬ ಬಾಣಂತಿ, ಅವಳ ಆರೈಕೆಗೆ ಅವಳ ತಾಯಿ. ಆ ತಾಯಿಯ ಬಾಯಿ ಬೆಳಗಿನಿಂದ ಬೈಗಿನವರೆಗೂ ನಿಲ್ಲುತ್ತಿರಲಿಲ್ಲವಾದ್ದರಿಂದ ಅಂಗಡಿಯಮ್ಮ ಅವಳಿಗೆ ರೇಡಿಯೋ ಎಂದು ಹೆಸರಿಟ್ಟಿದ್ದಳು. ಒಂದೆರಡು ದಿನ ಓರೆಗಣ್ಣಲ್ಲೇ ನೋಡಿದ ರೇಡಿಯೋ, ಮೂರನೇ ದಿನವೋ ನಾಲ್ಕನೇ ದಿನವೋ ಶುರುಮಾಡಿದಳು.

"ಹೆತ್ತೋಳು ಹಾಯಾಗಿ ಮಲಗಿದ್ದಾಳೆ, ಮುದುಕಿ ಬಾಟ್ಲಿ ತೊಳೀತಾಳೆ. ಈಗಿನವರಿಗೆ ಮೈಕಟ್ಟಿನ ಚಿಂತೆ. ನಮ್ಮ ಕಾಲದಲ್ಲಿ ಎದೆ ಇದ್ದೋಳು ಎದೆ ಕೊಡ್ತಿದ್ಲು."

"ನಿಮ್ಮ ಕಾಲದಲ್ಲಿ ಬಾಯಿ ಇದ್ದೋರು ಅದನ್ನ ಮುಚ್ಚೋದೂ ಕಲ್ತಿದ್ರು ಅಂತ ಕೇಳಿದ್ದೆ," ಎಂದಳು ಅಂಗಡಿಯಮ್ಮ.

ಸೊಸೆ ಅತ್ತೆಯನ್ನು ತಡೆದು, ಪಕ್ಕದ ಮಂಚದ ಕಡೆ ತಿರುಗಿ, ಮಾತ್ರೆ ಯಾವ ಹೊತ್ತಿಗೆ ನುಂಗಬೇಕೆಂದು ವಿವರಿಸುವವಳ ಹಾಗೆ ಹೇಳಿದಳು: "ನನಗೆ ಎದೆಯಲ್ಲಿ ಗಂಟಿದೆ ಅಮ್ಮ. ಮದ್ದು ನಡೀತಿದೆ. ನನ್ನ ಹಾಲು ಕೂಸಿಗೆ ಒಳ್ಳೇದಲ್ಲ."

ರೇಡಿಯೋ ನಿಂತಿತು. ಸಂಜೆಯವರೆಗೂ ನಿಂತೇ ಇತ್ತು. ಮಾರನೇ ಬೆಳಗ್ಗೆ ಅವಳು ಏನೂ ಹೇಳದೆ ಇವರ ಪಾತ್ರೆಯನ್ನೂ ತೆಗೆದುಕೊಂಡು ಹೋಗಿ ನೀರು ಕುದಿಸಿ ತಂದಿಟ್ಟಳು.

ಹಾಲು ಬತ್ತಿಸುವ ಮಾತ್ರೆ ಕೊಟ್ಟಿದ್ದರು. ಮೈ ಮಾತ್ರೆಯ ಮಾತನ್ನು ಪೂರ್ತಿ ಕೇಳಲಿಲ್ಲ. ಒಂದು ಮಧ್ಯಾಹ್ನ ಕೂಸು ಎದ್ದು ಅಳಲು ತೊಡಗಿದಾಗ ಅಂಗಡಿಯಮ್ಮ ಬಾಟಲಿ ಸಿದ್ಧಮಾಡುತ್ತ ತಿರುಗಿ ನೋಡಿದಳು. ಸೊಸೆ ಎದ್ದು ಕೂತು ತನ್ನ ನೈಟಿಯನ್ನೇ ನೋಡಿಕೊಳ್ಳುತ್ತಿದ್ದಳು. ಬಲಗಡೆ ಬಟ್ಟೆ ಒದ್ದೆಯಾಗಿತ್ತು. ಕೂಸು ಒಂದೊಂದು ಸಲ ಕೂಗಿದಾಗಲೂ ಒದ್ದೆ ಇನ್ನಷ್ಟು ಅಗಲವಾಗುತ್ತಿತ್ತು.

"ನೋಡಿ ಅತ್ತೆ," ಎಂದಳು. "ಬಾಗಿಲು ಹಾಕಿದ ಅಂಗಡಿಗೆ ಸರಕು ಬಂದಿದೆ."

ಅತ್ತೆಯ ಅಂಗಡಿಯಲ್ಲೇ ಕಲಿತ ಮಾತಿನ ಧಾಟಿ ಅದು. ನಗಬೇಕೆಂದೇ ಹೇಳಿದ್ದಳು. ಅಂಗಡಿಯಮ್ಮನಿಗೆ ತನ್ನ ಬಾಣಂತನ ನೆನಪಾಯಿತು. ಆಕೆ ತನ್ನ ಮಗನಿಗೆ ಹಾಲೂಡಿಸಿದ್ದು ಗೋಣಿಚೀಲಗಳ ಸಂದಿಯಲ್ಲಿ. ಹೊರಗೆ ಗಿರಾಕಿಗಳು "ಅಮ್ಮಾ" ಎಂದು ಕೂಗುತ್ತಿದ್ದರೆ ಒಳಗೆ ಇವನು ಹಿಡಿದದ್ದು ಬಿಡುತ್ತಿರಲಿಲ್ಲ. ಬೇಳೆ ಕೇಳಲು ಬಂದವರನ್ನು ಆಗ ಬೈದುಕೊಂಡಿದ್ದಳು. ಯಾರೂ ಕೇಳಿ ಪಡೆಯುವ ಸುಖವಲ್ಲ ಅದು, ತಾನಾಗಿ ಕೈಗೆ ಬಿದ್ದದ್ದು. ಈ ಹುಡುಗಿಗೆ ಅದರ ಒಂದು ಚಿಟಿಕೆಯೂ ಇಲ್ಲದೆ ಆ ಕಟ್ಟಡಕ್ಕೆ ಹೋಗುವುದೆಂದರೇನು? ಬಾಟಲಿಯಾದರೂ ಸರಿ, ಒಂದು ಸಲ, ಒಂದೇ ಸಲ ಇವಳ ಕೈಯಿಂದ ಕೂಸು ಕುಡಿಯಬೇಕು. ಅಂದಿನಿಂದ ಅಂಗಡಿಯಮ್ಮನ ಮನಸ್ಸಿನಲ್ಲಿ ಇದೊಂದೇ ಕೊರೆಯತೊಡಗಿತು.

ಕೇಳಿದರೆ ಸೊಸೆ ಒಪ್ಪುವವಳಲ್ಲ. ಕೂಸನ್ನು ತೊಡೆಯ ಮೇಲೆ ಇಡಲು ಹೋದರೆ ಹೊಲಿಗೆ ನೋವು ಎನ್ನುತ್ತಿದ್ದಳು. ನಿದ್ದೆ ಹೋದ ಕೂಸನ್ನು ಮಾತ್ರ ನೋಡುತ್ತಿದ್ದಳು. ಕೂಸು ಕಣ್ಣು ಬಿಟ್ಟ ಕೂಡಲೇ ಮುಖ ತಿರುಗಿಸುತ್ತಿದ್ದಳು.

ಹಿಂದಿನ ಕಟ್ಟಡಕ್ಕೆ ಹೋಗುವ ಬೆಳಿಗ್ಗೆ ಬಂತು. ಸರಕಿನ ವ್ಯಾನು ಓಡಿಸುವ ಮಗ ಕೆಲಸಕ್ಕೆ ರಜೆ ಹಾಕಿ ಬಂದು, ಗಾಲಿಕುರ್ಚಿ ತರಲು ಕೆಳಗೆ ಹೋಗಿದ್ದ. ಸೊಸೆ ರಾತ್ರಿಯ ನೈಟಿ ಕಳಚಿ ಮಡಚಿಟ್ಟು, ಅಲ್ಲಿಯವರು ಕೊಟ್ಟ ಹಸಿರು ಅಂಗಿ ತೊಟ್ಟು ಕೂತಿದ್ದಳು. ಅಂಗಡಿಯಮ್ಮ ಬಾಟಲಿ ಸಿದ್ಧಮಾಡಿದಳು. ನೀರು, ಚಮಚ, ಅಂಚಿಗೆ ಸವರುವುದು, ಕೊನೆಗೆ ಮುಚ್ಚಳ. ಬಲಗೈ ಎಲ್ಲಿಗೂ ಹೋಗಲಿಲ್ಲ. ಮಣಿಕಟ್ಟಿಗೆ ಹನಿ ಬಿಟ್ಟು ನೋಡಿ, ಬಾಟಲಿಯನ್ನು ಸೊಸೆಯ ಮುಂದೆ ಹಿಡಿದಳು.

"ನೋಡಿದ್ಯಾ?"

"ನೋಡಿದೆ. ಸರಿಯಾಗಿದೆ ಅತ್ತೆ."

"ಕೈ ಕಲ್ತಿದೆ?"

"ಕಲ್ತಿದೆ." ಸೊಸೆಯ ಮುಖ ಹಗುರಾಯಿತು. "ಇನ್ನು ನನಗೆ ಆ ಭಯ ಇಲ್ಲ."

"ಹಾಗಾದ್ರೆ ನನಗೆ ಬರಬೇಕಾದ ಕೊಸರು ಕೊಡು."

ಸೊಸೆಗೆ ಅರ್ಥವಾಗಲಿಲ್ಲ.

"ಜೀವ ಇರೋವರೆಗೂ ಪುಡಿ ನಿನ್ನ ಅಳತೆಗೇ ಹಾಕ್ತೀನಿ. ಒಂದು ಕಾಳೂ ಮೇಲೆ ಹಾಕಲ್ಲ. ಅದಕ್ಕೆ ಬದಲು ಈ ಒಂದು ಬಾಟ್ಲಿ ನಿನ್ನ ಕೈಯಿಂದ ಹೋಗ್ಲಿ."

"ಬೇಡ ಅತ್ತೆ. ಹುಡುಕುತ್ತೆ."

"ಹುಡುಕ್ಲಿ."

"ನಿಮಗೇ ಕಷ್ಟ ಆಗುತ್ತೆ."

"ನನ್ನ ಕಷ್ಟ ನನ್ನ ತಕ್ಕಡಿಗೆ ಬಿಡು. ಅದನ್ನ ತೂಗೋಳು ನಾನು."

ಸೊಸೆ ಬೇಡ ಎನ್ನುತ್ತಲೇ ಇದ್ದಳು. ಆದರೆ ಅವಳ ಕೈಗಳು ಮಡಿಲ ಮೇಲೆ ತಾವಾಗಿ ತೆರೆದುಕೊಂಡಿದ್ದವು. ಒಡತಿಯ ಮಾತು ಮೀರುವ ಕೈಗಳನ್ನು ಅಂಗಡಿಯಮ್ಮ ಬಲ್ಲಳು. ಇನ್ನೊಂದು ಮಾತಾಡದೆ ಕೂಸನ್ನು ಅವುಗಳಲ್ಲಿಟ್ಟಳು. ಆಮೇಲೆ ಹಸಿರು ಅಂಗಿಗೆ ಹಾಲು ಹತ್ತದಿರಲೆಂದು ಮಡಚಿಟ್ಟಿದ್ದ ನೈಟಿಯನ್ನೇ ಎತ್ತಿ ಅವಳ ಎದೆಯ ಮೇಲೆ ಹರವಿದಳು.

ಕೂಸು ಬಾಟಲಿ ಬಾಯಿಗೆ ಬರುವ ಮೊದಲೇ ಮುಖ ತಿರುಗಿಸಿತು. ಬಟ್ಟೆಯಲ್ಲಿ ಹಾಲು ಒಣಗಿದ್ದ ಜಾಗಕ್ಕೆ ಮೂಗೊತ್ತಿ, ಬಾಯಿ ತೆರೆದು, ಹಿಡಿಯಲು ಹುಡುಕಾಡಿತು. ಸೊಸೆ ಉಸಿರು ಬಿಗಿಹಿಡಿದಳು. ನಿಧಾನವಾಗಿ ಅದರ ಗಲ್ಲವನ್ನು ತನ್ನ ಬೆರಳಿಂದ ಈಚೆಗೆ ತಂದು ನಿಪ್ಪಲನ್ನು ಕೊಟ್ಟಳು. ಕೂಸು ಹಿಡಿದು, ಗುಟುಕು ಗುಟುಕಾಗಿ ಕುಡಿಯತೊಡಗಿತು. ಕಣ್ಣು ಮಾತ್ರ ತಾಯಿಯ ಮುಖದ ಮೇಲಿತ್ತು. ಈ ಸಲ ತಾಯಿ ಮುಖ ತಿರುಗಿಸಲಿಲ್ಲ.

"ಮೂಗು ನಿಮ್ಮದೇ ಅತ್ತೆ," ಎಂದಳು ಸ್ವಲ್ಪ ಹೊತ್ತಿನ ಮೇಲೆ. "ಪಾಪ."

"ಇರ್ಲಿ ಬಿಡು. ಗಿರಾಕಿಗಳು ಗುರುತು ಹಿಡೀತಾರೆ."

ಭುಜ ಅಲ್ಲಾಡಿದವು. ಈ ಬಾರಿ ನಗುವೋ ಅಳುವೋ ಅಂಗಡಿಯಮ್ಮನಿಗೆ ಹೇಳಲಾಗುತ್ತಿರಲಿಲ್ಲ. ಪಕ್ಕದ ಮಂಚದ ರೇಡಿಯೋ ಎದ್ದು, ನಡುವಿನ ಪರದೆಯನ್ನು ಸದ್ದಿಲ್ಲದೆ ಎಳೆದುಬಿಟ್ಟಳು.

ಬಾಟಲಿ ಬರಿದಾಯಿತು. ಮಗ ಗಾಲಿಕುರ್ಚಿ ತಂದು ಬಾಗಿಲಲ್ಲೇ ನಿಂತುಬಿಟ್ಟ. ಸೊಸೆ ಕೂಸನ್ನು ಹೆಗಲಿಗೆ ಹಾಕಿಕೊಂಡು, ಬೆನ್ನು ಸವರಿ, ತೇಗು ಬಂದ ಮೇಲೆ ಅತ್ತೆಗೆ ಕೊಟ್ಟಳು. ಕೊಟ್ಟ ಮೇಲೂ ಕೈ ಕೆಳಗಿಳಿಸಲು ಮರೆತು ಹಾಗೇ ಹಿಡಿದಿದ್ದಳು. ಮಗ ಬಂದು ಆ ಕೈಯನ್ನು ಹಿಡಿದುಕೊಂಡು ಅವಳನ್ನು ಕುರ್ಚಿಗೆ ಇಳಿಸಿದ. ಕುರ್ಚಿಯ ಒಂದು ಗಾಲಿ ಕಿರುಗುಟ್ಟುತ್ತಿತ್ತು. ಆ ಸದ್ದು ಓಣಿಯುದ್ದಕ್ಕೂ ಹೋಗಿ, ತಿರುವಿನಲ್ಲಿ ಸಣ್ಣದಾಗಿ, ನಿಂತಿತು.

ಮುಂದಿನ ಹಾಲಿನ ಹೊತ್ತಿಗೆ ಕೂಸು ಕುಡಿಯಲಿಲ್ಲ.

ಹಾಲು ಅದೇ, ಅಳತೆ ಅದೇ, ಇಷ್ಟು ದಿನ ಹಿಡಿದ ತೋಳೂ ಅದೇ. ನಿಪ್ಪಲ್ ತಾಗಿಸಿದರೆ ನಾಲಿಗೆಯಿಂದ ಹೊರಗೆ ನೂಕಿತು. ಅಂಗಡಿಯಮ್ಮನ ಸೀರೆಯಲ್ಲಿ ಮೂಗು ಹೊರಳಿಸಿ, ಅಲ್ಲಿ ಬೇಕಾದ್ದು ಸಿಗದೆ ಚೀರಿತು. ಆಕೆ ನಿಂತು ಕುಡಿಸಲು ನೋಡಿದಳು, ಕೂತು ನೋಡಿದಳು, ಕಿಟಕಿಯ ಹತ್ತಿರ ಒಯ್ದಳು. ಕೂಸಿನ ಮುಖ ಕೆಂಪಾಯಿತು. ಬಾಟಲಿಯ ಹಾಲು ಆರಿತು, ಚೆಲ್ಲಿದಳು. ಹೊಸದು ಬೆರೆಸಿದಳು. ಅದನ್ನೂ ಕೂಸು ಮುಟ್ಟಲಿಲ್ಲ.

"ಹೊಟ್ಟೆ ನೋವೇನೋ," ಎಂದಳು ರೇಡಿಯೋ.

"ಹೊಟ್ಟೆ ನೋವಲ್ಲ," ಎಂದಳು ಅಂಗಡಿಯಮ್ಮ.

ಕೊಸರು ಕಂಡೋನು ಹುಡುಕ್ಕೊಂಡು ಬರ್ತಾನೆ. ಎಷ್ಟು ಸಲ, ಎಷ್ಟು ಜಂಬದಿಂದ ಆಡಿದ ಮಾತು. ಹುಡುಕಿಕೊಂಡು ಬಂದವನಿಗೆ ಮುಚ್ಚಿದ ಬಾಗಿಲು ಸಿಕ್ಕರೆ ಅವನೇನು ಮಾಡುತ್ತಾನೆ ಎಂದು ಆಕೆ ಒಂದು ದಿನವೂ ಯೋಚಿಸಿರಲಿಲ್ಲ. ಆಕೆಯ ಅಂಗಡಿ ಮುಚ್ಚಿದ್ದೇ ಇಲ್ಲವಲ್ಲ. ಆ ಹುಡುಗಿ ಯೋಚಿಸಿದ್ದಳು. ಎಷ್ಟು ದಿನ ಹಲ್ಲು ಕಚ್ಚಿ ಗೋಡೆಯ ಕಡೆ ಮುಖ ಮಾಡಿದ್ದಳು. ಅವಳ ಅಷ್ಟೂ ದಿನದ ಕಷ್ಟವನ್ನು ತಾನು ಒಂದು ಬಾಟಲಿಯಲ್ಲಿ ಕಲಕಿಬಿಟ್ಟಿದ್ದಳು. ಹಾಗಾದರೆ ಕೇಳಬಾರದಿತ್ತೇ? ಬೆಳಗಿನ ಆ ಮುಖ ನೆನಪಾಯಿತು, ಕೂಸಿನ ಕಣ್ಣಿಗೆ ಕಣ್ಣಿಟ್ಟು ಕೂತಿದ್ದ ಮುಖ. ಕೇಳಬಾರದಿತ್ತು ಎಂದು ಮನಸ್ಸು ಒಪ್ಪಲಿಲ್ಲ. ಕೇಳಿದ್ದು ಸರಿ ಎಂದು ಹೇಳಲು ಕೈಯಲ್ಲಿ ಚೀರುವ ಕೂಸು ಬಿಡಲಿಲ್ಲ.

ಮಂಚದ ತಲೆದಿಂಬಿನ ಪಕ್ಕ ನೈಟಿ ಬಿದ್ದಿತ್ತು. ಒಗೆಯಲು ಮನೆಗೆ ಒಯ್ಯಬೇಕಿದ್ದದ್ದು. ಅಂಗಡಿಯಮ್ಮ ಅದನ್ನು ತೆಗೆದು ತನ್ನ ಹೆಗಲ ಮೇಲೆ, ಎದೆಗೆ ಅಡ್ಡವಾಗಿ ಹೊದ್ದುಕೊಂಡಳು. ಒಣಗಿ ಬಿರುಸಾದ ಜಾಗ ಕೂಸಿನ ಮೂಗಿನ ನೇರಕ್ಕೆ ಬರುವಂತೆ ಸರಿಪಡಿಸಿದಳು. ಕೂಸು ಅಳು ನಿಲ್ಲಿಸಿತು. ಮೂಸಿತು. ಬಿಕ್ಕಳಿಸುತ್ತ, ಬಾಯಿ ತೆರೆದು, ನಿಪ್ಪಲ್ ಹಿಡಿಯಿತು.

ಕುಡಿಯುವಾಗ ಅದು ಕಣ್ಣೆತ್ತಿ ಆಕೆಯ ಮುಖ ನೋಡಿತು. ಬಹಳ ಹೊತ್ತು ನೋಡಿತು. ಆಮೇಲೆ ಕಣ್ಣು ಮುಚ್ಚಿಕೊಂಡು ಕುಡಿಯಿತು.

ಮಗ ಬಂದಾಗ ಕೂಸಿಗೆ ನಿದ್ದೆ ಹತ್ತಿತ್ತು. ಅವನು ಓಡಿ ಬಂದಿದ್ದ, ಹಣೆಯಲ್ಲಿ ಬೆವರು.

"ಅಮ್ಮ, ಕೂಸು ಕುಡೀತಾ ಅಂತ ಕೇಳ್ತಿದ್ದಾಳೆ. ಉತ್ತರ ತರೋವರೆಗೂ ಸೂಜಿ ಚುಚ್ಚೋಕೆ ಬಿಡಲ್ಲ ಅಂತ ಕೂತಿದ್ದಾಳೆ. ನರ್ಸಮ್ಮ ಬೈತಿದ್ದಾರೆ." ತಾಯಿಯ ಹೆಗಲ ಮೇಲಿದ್ದ ನೈಟಿಯನ್ನು ಆಗ ಕಂಡ. "ಇದ್ಯಾಕೆ ಹೊದ್ಕೊಂಡಿದ್ದೀಯ?"

"ಚಳಿ."

ಕೋಣೆಯಲ್ಲಿ ಚಳಿ ಇರಲಿಲ್ಲ. ರೇಡಿಯೋ ಬಾಯಿ ತೆರೆದವಳು ಅಂಗಡಿಯಮ್ಮನ ಮುಖ ನೋಡಿ ಮುಚ್ಚಿಕೊಂಡಳು.

"ಕುಡೀತು ಅನ್ನು," ಎಂದಳು ಅಂಗಡಿಯಮ್ಮ. "ಅಳತೆಗೆ ಸರಿಯಾಗಿ, ಒಂದು ಹನಿ ಬಿಡದೆ ಕುಡೀತು ಅನ್ನು."

"ಅತ್ತಿತಾ, ಹುಡುಕ್ತಾ ಅಂತಾನೂ ಕೇಳಿದ್ಲು."

ಅಂಗಡಿಯಮ್ಮ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಅದು ಬರಿದಾಗಿತ್ತು.

"ಇಲ್ಲ ಅನ್ನು."

"ಅಷ್ಟೇನಾ? ಇನ್ನೇನಾದ್ರೂ ಹೇಳ್ಬೇಕಾ?"

ಹೇಳುವುದು ಬೆಟ್ಟದಷ್ಟಿತ್ತು.

"ಅಷ್ಟೇ. ಮೇಲೆ ಏನೂ ಬೇಡ. ಬೇಗ ಹೋಗು, ಕಾಯ್ತಿರ್ತಾಳೆ."

ಮಗ ಹೋದ. ಕೂಸನ್ನು ನೈಟಿಯ ಸಮೇತ ಮಲಗಿಸಿ, ಅಂಗಡಿಯಮ್ಮ ತೊಟ್ಟಿಯ ಹತ್ತಿರ ಹೋಗಿ, ಸೋಪು ಹಾಕಿ ಕೈ ತೊಳೆದಳು. ಇನ್ನೊಂದು ಸಲ ತೊಳೆದಳು. ಆಮೇಲೆ ಬಾಟಲಿಯನ್ನು ಬಿಚ್ಚಿ, ಬ್ರಷ್ ಹಾಕಿ ಉಜ್ಜಿ, ಮುಂದಿನ ಹೊತ್ತಿಗೆ ಕುದಿಸಲು ನೀರಿಟ್ಟಳು.